ಮಕ್ಕಳು ಹತ್ತಿ ಆಡುವ ಹೆಣಿಗೆ

ನಿನ್ನೆ ರಾತ್ರಿ ಕ್ರೋಶಾ ಕಡ್ಡಿ ಕೈಯಲ್ಲೇ ಇತ್ತು, ಕಣ್ಣು ಮಾತ್ರ ಫೋನಿನ ಮೇಲೆ. ಜಪಾನಿನ ಹಕೋನೆಯಲ್ಲಿ ಒಂದು ಬಯಲು ಮ್ಯೂಸಿಯಂ ಇದೆ. ಅಲ್ಲಿ 2009ರಲ್ಲಿ ಕಟ್ಟಿದ, ದಪ್ಪ ಮರದ ತೊಲೆಗಳ ಮಂಟಪ. ಒಳಗೆ ಬಣ್ಣಬಣ್ಣದ ದೊಡ್ಡ ಬಲೆ ತೂಗಾಡುತ್ತದೆ. ಕೆಳಗೆ ಚೆಂಡಿನಂಥ ಜೋಕಾಲಿಗಳು. ಮಕ್ಕಳು ಅದರೊಳಗೆ ತೂರಿ, ಉರುಳಿ, ಕುಣಿಯುತ್ತಾರೆ. ಪೂರ್ತಿ ಕೈಯಲ್ಲೇ ಹೆಣೆದ ನೈಲಾನ್ ಕ್ರೋಶಾ!

ಹೆಣೆದವರು ತೋಶಿಕೊ ಹೊರಿಯುಚಿ ಮ್ಯಾಕ್ಆಡಮ್. ಮೊದಲು ಗ್ಯಾಲರಿಗಾಗಿ ಹೆಣೆಯುತ್ತಿದ್ದರು. ಒಮ್ಮೆ ಪ್ರದರ್ಶನದಲ್ಲಿ ಮಕ್ಕಳು ಕಲಾಕೃತಿಯೊಳಗೇ ಹತ್ತಿಬಿಟ್ಟರಂತೆ. ಬೇರೆಯವರಾಗಿದ್ದರೆ ಗದರಿ ಇಳಿಸುತ್ತಿದ್ದರು ಅಲ್ವಾ? ಇವರು ಮಕ್ಕಳಿಗಾಗಿಯೇ ಹೆಣೆಯೋಕೆ ಶುರು ಮಾಡಿದರು.

ನಮ್ಮನೆಯಲ್ಲಿ ಅಮ್ಮ ಹೆಣೆದ ಟಿವಿ ಕವರ್ ಸುಮ್ನೆ ಮುಟ್ಟಿದರೂ ಬೈಗುಳ. ಅಷ್ಟು ಜೋಪಾನ. ಅಲ್ಲೂ ಇಲ್ಲೂ ಕೆಲಸ ಒಂದೇ: ಒಂದು ಕುಣಿಕೆಯೊಳಗಿಂದ ಇನ್ನೊಂದು ಕುಣಿಕೆ ಎಳೆಯುವುದು. ಅದು ಕುಣಿಯುವ ಮಗುವಿನ ಭಾರ ಹೊರುತ್ತದೆ ಅಂತ ನನಗೆ ಹೊಳೆದೇ ಇರಲಿಲ್ಲ. ಬೆರಳಲ್ಲಿದ್ದ ಎಳೆಯನ್ನು ಜಗ್ಗಿ ನೋಡಿದೆ. ಹಿಗ್ಗಿತು, ಬಿಟ್ಟರೆ ವಾಪಸ್ ಕುಗ್ಗಿತು.

ಬೆಳಿಗ್ಗೆ ಅಮ್ಮನಿಗೆ ವಿಡಿಯೋ ತೋರಿಸಿದೆ. ಕನ್ನಡಕ ಏರಿಸಿಕೊಂಡು ನೋಡಿದಳು. "ಗಂಟು ಎಲ್ಲಿ ಹಾಕಿದ್ದಾರೆ, ಇನ್ನೂ ಹತ್ತಿರ ತೋರಿಸು" ಅಂದಳು.