ಬೆಂಗಳೂರು, ಮೈಸೂರುಗಳ ನಡುವೆ ಮನೆ ಮಾಡುವುದಾದರೆ ಯಾವ ಊರು?

ಮದುವೆಯ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಕೇಳುತ್ತಾರೆ. ಕಚೇರಿಗೆ ಹೊಸದಾಗಿ ಸೇರಿದವರು ಎರಡನೆಯ ವಾರಕ್ಕೇ ಕೇಳುತ್ತಾರೆ. ಕಳೆದ ತಿಂಗಳು ಹಲ್ಲಿನ ವೈದ್ಯರು ನನ್ನ ಬಾಯಿ ತುಂಬ ಹತ್ತಿ ತುರುಕಿ, ಆಮೇಲೆ ಕೇಳಿದರು: “ನೀವು ಮಂಡ್ಯದಿಂದ ಬರುತ್ತೀರಂತೆ. ನಾವೂ ಬೆಂಗಳೂರು ಬಿಡಬೇಕೆಂದಿದ್ದೇವೆ. ಮೈಸೂರಿನವರೆಗೆ ಹೋಗುವುದು ಬೇಡ, ನಡುವೆ ಎಲ್ಲಾದರೂ ಕಡಿಮೆ ಖರ್ಚಿನ ಊರಿದ್ದರೆ ಹೇಳಿ.” ಅಂದು ಉತ್ತರಿಸುವ ಸ್ಥಿತಿಯಲ್ಲಿ ನಾನಿರಲಿಲ್ಲ. ಇದು ಅವರನ್ನೂ ಸೇರಿಸಿಕೊಂಡು ಬರೆದದ್ದು.

ಮೊದಲು ನಮ್ಮ ಸಂಸಾರದ ಜಾತಕ ಹೇಳಿಬಿಡುತ್ತೇನೆ. ನನ್ನದು ಲೆಕ್ಕಪತ್ರದ ಕೆಲಸ. ಕಚೇರಿ ಬೆಂಗಳೂರಿನಲ್ಲಿ, ಮೆಜೆಸ್ಟಿಕ್‌ನಿಂದ ಹತ್ತು ನಿಮಿಷದ ನಡಿಗೆ. ವಾರಕ್ಕೆ ಮೂರು ದಿನ ಹೋಗಬೇಕು, ಉಳಿದ ದಿನ ಮನೆಯಿಂದಲೇ ಕೆಲಸ. ನಮ್ಮ ಯಜಮಾನರು ಮೈಸೂರಿನಲ್ಲಿ ಪಾಠ ಹೇಳುತ್ತಾರೆ, ಅವರದು ದಿನದ ಪ್ರಯಾಣ. ಬೆಂಗಳೂರಿನಲ್ಲಿದ್ದಾಗ ಎರಡು ಕೋಣೆಯ ಮನೆಗೆ 27,000 ರೂಪಾಯಿ ಬಾಡಿಗೆ ಕೊಡುತ್ತಿದ್ದೆವು, ಜೊತೆಗೆ ಹತ್ತು ತಿಂಗಳ ಮುಂಗಡ. ಮಂಡ್ಯದಲ್ಲಿ ಅದಕ್ಕಿಂತ ದೊಡ್ಡ ಮನೆಗೆ 11,000 ಕೊಡುತ್ತೇವೆ. ಇಷ್ಟು ಕೇಳಿದ ಕೂಡಲೇ ಎಲ್ಲರೂ ಮನಸ್ಸಿನಲ್ಲೇ ಕಳೆಯುವ ಲೆಕ್ಕ ಮಾಡಿ “ತಿಂಗಳಿಗೆ 16,000 ಉಳಿತಾಯ!” ಎನ್ನುತ್ತಾರೆ. ಲೆಕ್ಕ ಇನ್ನೂ ಮುಗಿದಿಲ್ಲ.

ಅದೇ ನಾನು ಕಾರಿನಲ್ಲಿ ಓಡಾಡುತ್ತೇನೆ ಎಂದುಕೊಳ್ಳಿ. ಮಂಡ್ಯದಿಂದ ಬೆಂಗಳೂರಿಗೆ ಹೋಗಿ ಬಂದರೆ ಹತ್ತಿರ ಹತ್ತಿರ 200 ಕಿ.ಮೀ. ಲೀಟರಿಗೆ 16 ಕಿ.ಮೀ. ಓಡುವ ಕಾರಿಗೆ ಹನ್ನೆರಡೂವರೆ ಲೀಟರ್ ಪೆಟ್ರೋಲ್ ಬೇಕು. ಲೀಟರಿಗೆ ನೂರು ರೂಪಾಯಿ ದಾಟಿದ ಈ ಕಾಲದಲ್ಲಿ ದಿನಕ್ಕೆ 1,250ಕ್ಕಿಂತ ಹೆಚ್ಚಾಯಿತು. ತಿಂಗಳಿಗೆ ಹನ್ನೆರಡು ದಿನಕ್ಕೆ 15,000. ಟೋಲ್ ಬೇರೆ, ಟೈರು ಬೇರೆ, ಬೆಂಗಳೂರಿನಲ್ಲಿ ಕಾರು ನಿಲ್ಲಿಸುವ ಬಾಡಿಗೆ ಬೇರೆ. ಅಲ್ಲಿಗೆ ಉಳಿತಾಯ ಮಂಗಮಾಯ. ಬೆಂಗಳೂರಿನ ಮನೆಯ ಒಡೆಯರಿಗೆ ಕೊಡುತ್ತಿದ್ದುದನ್ನು ಪೆಟ್ರೋಲ್ ಬಂಕಿಗೆ ಕೊಟ್ಟಂತಾಯಿತು, ಅಷ್ಟೇ. ರೈಲಿನ ಮಾಸಿಕ ಪಾಸಾದರೆ ಕೆಲವೇ ನೂರು ರೂಪಾಯಿಗಳಲ್ಲಿ ಮುಗಿಯುತ್ತದೆ. ಹಾಗಾಗಿ “ಯಾವ ಊರು ಅಗ್ಗ?” ಎಂದು ಕೇಳಿದವರನ್ನು ನಾನು ತಿರುಗಿ ಕೇಳುವುದು ಮೂರೇ ಮಾತು. ನಗರಕ್ಕೆ ವಾರಕ್ಕೆ ಎಷ್ಟು ದಿನ ಹೋಗಬೇಕು? ನಗರದ ಯಾವ ಮೂಲೆಗೆ? ರೈಲಿನಲ್ಲಿ ನಿಂತು ಹೋಗುವ ತಾಳ್ಮೆ ಇದೆಯೇ?

ಎರಡನೆಯ ಪ್ರಶ್ನೆಯಲ್ಲೇ ಅರ್ಧ ಜನ ಉದುರುತ್ತಾರೆ. ಕಚೇರಿ ವೈಟ್‌ಫೀಲ್ಡ್‌ನಲ್ಲಿ ಎಂದರೆ ನಾನು ಸುಮ್ಮನೆ ಮಾತು ಬದಲಿಸುತ್ತೇನೆ. ನೇರಳೆ ಮಾರ್ಗದ ಮೆಟ್ರೋ ಈಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಗಾಡಿಯಲ್ಲಿ ಒಯ್ಯುತ್ತದೆ, ನಿಜ. ಆದರೆ ಒಂದೂವರೆ–ಎರಡು ಗಂಟೆ ರೈಲಿನಲ್ಲಿ ಕುಳಿತು ಬಂದವರಿಗೆ ಊರಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಮತ್ತೆ ಪ್ರಯಾಣ ಮಾಡಿ ಎನ್ನುವುದು ಶಿಕ್ಷೆ. ಮೆಜೆಸ್ಟಿಕ್, ವಿಜಯನಗರ, ಕೆಂಗೇರಿ ಕಡೆಯ ಕೆಲಸವಾದರೆ ಮಾತು ಮುಂದುವರಿಸಬಹುದು.

ಇನ್ನು ಹೆದ್ದಾರಿಯ ವಿಚಾರ. ಜನ ಹೆಚ್ಚು ಮೋಸ ಹೋಗುವುದು ಇಲ್ಲಿಯೇ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ದಾರಿಯುದ್ದಕ್ಕೂ ಬಡಾವಣೆಗಳ ಕಮಾನುಗಳು ಎದ್ದವು. ಮದ್ದೂರಿನ ಆಚೆ ಅಂಥದ್ದೊಂದು ನಿವೇಶನ ನೋಡಲು ನಾವೂ ಹೋಗಿದ್ದೆವು. ದಲ್ಲಾಳಿ ತೋರಿಸಿದ ನಕ್ಷೆಯಲ್ಲಿ ಹೆದ್ದಾರಿಗೂ ಬಡಾವಣೆಗೂ ನಡುವೆ ಒಂದು ಗೆರೆಯಷ್ಟೇ ಇತ್ತು. ಸ್ಥಳದಲ್ಲಿ ಆ ಗೆರೆ ಬೇಲಿಯಾಗಿತ್ತು. ಕಣ್ಣೆದುರಿಗೇ ಕಾರುಗಳು ಭರ್ರೆಂದು ಓಡುತ್ತಿವೆ, ನಾವು ಮಾತ್ರ ಸರ್ವಿಸ್ ರಸ್ತೆಯಲ್ಲಿ ಕಿಲೋಮೀಟರುಗಟ್ಟಲೆ ಹೋಗಿ ಒಳಗೆ ನುಗ್ಗಲು ಕಿಂಡಿ ಹುಡುಕಬೇಕು. “ಎರಡೂ ಊರಿಗೆ ಒಂದು ಗಂಟೆ ಮೇಡಂ” ಎಂದ ಆತನನ್ನು “ಹತ್ತುವುದು ಎಲ್ಲಿ?” ಎಂದು ಕೇಳಿದೆ. ಆಕಾಶ ನೋಡಿದ. 2023ರ ಆಗಸ್ಟ್ 1ರಿಂದ ಬೈಕು, ಸ್ಕೂಟರ್, ಆಟೋಗಳಿಗೆ ಮುಖ್ಯ ಪಥದಲ್ಲಿ ಪ್ರವೇಶವೂ ಇಲ್ಲ. ಸ್ಕೂಟರಿನ ಸಂಸಾರಕ್ಕೆ ಎಕ್ಸ್‌ಪ್ರೆಸ್‌ವೇ ನೋಡಿ ಸಂತೋಷಪಡುವ ವಸ್ತು.

ಆ ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣ ಎಲ್ಲವನ್ನೂ ಪಕ್ಕಕ್ಕೆ ತಳ್ಳಿ ಬೈಪಾಸಿನಲ್ಲಿ ಹೋಗುತ್ತದೆ. ರಸ್ತೆ ಊರುಗಳನ್ನು ಬಿಟ್ಟುಹೋಯಿತು, ರೈಲು ಬಿಡಲಿಲ್ಲ. ನೂರ ನಲವತ್ತು ವರ್ಷಗಳಿಂದ ಅದು ಊರೊಳಗೇ ಬಂದು ನಿಲ್ಲುತ್ತಿದೆ. ಇದಕ್ಕೆ ಪಾಂಡವಪುರ ಒಂದು ಅಪವಾದ, ಅಲ್ಲಿ ನಿಲ್ದಾಣ ಊರಿನಿಂದ ದೂರ. ಬೈಪಾಸಿನಿಂದ ಹಳೆಯ ರಸ್ತೆಯ ಹೋಟೆಲುಗಳಿಗೆ, ಚನ್ನಪಟ್ಟಣದ ಬೊಂಬೆ ಅಂಗಡಿಗಳಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಆದರೆ ವಾಸಕ್ಕೆ ಬಂದವಳಾಗಿ ಇನ್ನೊಂದನ್ನೂ ಹೇಳಬೇಕು: ವಾರಾಂತ್ಯದಲ್ಲಿ ಮೈಸೂರಿಗೆ ಹೊರಟ ಕಾರುಗಳ ಸಾಲು ಇಲ್ಲವಾದ ಮೇಲೆ ಈ ಊರುಗಳ ಮುಖ್ಯ ರಸ್ತೆಯನ್ನು ಮುದುಕರೂ ದಾಟಬಹುದಾಗಿದೆ.

ಈಗ ಊರುಗಳಿಗೆ ಬರೋಣ. ಬಿಡದಿ ಬೇಡ. ತಟ್ಟೆ ಇಡ್ಲಿ ತಿಂದು ಮುಂದೆ ಹೋಗಿ. ಕಾರ್ಖಾನೆಗಳಿಂದಾಗಿ ಅದು ಎಂದೋ ಬೆಂಗಳೂರಿನ ಹಿತ್ತಲಾಗಿದೆ, ಜೊತೆಗೆ ಉಪನಗರಕ್ಕಾಗಿ ಭೂಸ್ವಾಧೀನದ ಗಲಾಟೆ ಇದೆ. ರಾಮನಗರಕ್ಕೆ ಬೆಟ್ಟಗಳಿವೆ, ರೇಷ್ಮೆಗೂಡಿನ ದೊಡ್ಡ ಮಾರುಕಟ್ಟೆ ಇದೆ, ರೈಲು ಚೆನ್ನಾಗಿದೆ. ಆದರೆ 2025ರಲ್ಲಿ ಜಿಲ್ಲೆಯ ಹೆಸರನ್ನೇ ಬೆಂಗಳೂರು ದಕ್ಷಿಣ ಎಂದು ಬದಲಿಸಿದ ಮೇಲೆ ಅಲ್ಲಿನ ನಿವೇಶನದಾರರಿಗೆ ತಾವು ಬೆಂಗಳೂರಿನಲ್ಲೇ ಇದ್ದೇವೆ ಎನಿಸತೊಡಗಿದೆ. ಹೆಸರಿಗೂ ಬಾಡಿಗೆ ಕಟ್ಟುವಷ್ಟು ಹಣ ನನ್ನಲ್ಲಿಲ್ಲ.

ಬೆಂಗಳೂರಿಗೆ ವಾರಕ್ಕೆ ಮೂರು–ನಾಲ್ಕು ದಿನ ಹೋಗಬೇಕು, ಮೈಸೂರಿನ ಹಂಗಿಲ್ಲ ಎನ್ನುವವರಿಗೆ ನನ್ನ ಉತ್ತರ ಚನ್ನಪಟ್ಟಣ. ಬೆಂಗಳೂರಿಗೆ ರೈಲಿನಲ್ಲಿ 60 ಕಿ.ಮೀ.ಗಿಂತ ಕಡಿಮೆ. ಬಸ್ಸಿನಲ್ಲಿ ಬಂದರೆ ಕೆಂಗೇರಿಯಲ್ಲಿ ಇಳಿದು ಮೆಟ್ರೋ ಹತ್ತಬಹುದು. ಅಲ್ಲಿನ ಗಲ್ಲಿಗಳಲ್ಲಿ ಈಗಲೂ ಆಲೆ ಮರದ ಪುಡಿಯ, ಕಾದ ಅರಗಿನ ವಾಸನೆ ಇದೆ, ಮನೆ ಜಗುಲಿಯಲ್ಲಿ ಬೊಂಬೆ ತಿರುಗಿಸುವವರಿದ್ದಾರೆ. ಬೆಳಗ್ಗೆ ಎದ್ದು ಎಲ್ಲರೂ ಬೇರೆ ಊರಿಗೆ ಓಡಿಹೋಗುವ ಊರಲ್ಲ ಅದು. ಊರಿಗೆ ತನ್ನದೇ ಒಂದು ಹಗಲು ಇದೆ.

ಈ ಹಗಲಿನ ಮಾತನ್ನು ನಾನು ಬಹಳ ನಂಬುತ್ತೇನೆ. ಮನೆ ನೋಡಲು ಎಲ್ಲರೂ ಭಾನುವಾರ ಹೋಗುತ್ತಾರೆ, ಭಾನುವಾರ ಯಾವ ಊರಾದರೂ ಚೆಂದ. ಬುಧವಾರ ಬೆಳಗ್ಗೆ ಹನ್ನೊಂದು ಗಂಟೆಗೆ ಹೋಗಿ ನೋಡಿ. ಬ್ಯಾಂಕಿನಲ್ಲಿ ಸಾಲು ಇದೆಯೇ? ಚಪ್ಪಲಿ ಹೊಲಿಯುವವರು, ಮಿಕ್ಸಿ ರಿಪೇರಿಯವರು, ಹಿಟ್ಟಿನ ಗಿರಣಿ ಕಣ್ಣಿಗೆ ಬೀಳುತ್ತವೆಯೇ? ಇವೆಲ್ಲ ಇರುವ ಊರಿನಲ್ಲಿ ಅಂಗಡಿಯವರು ಅಲ್ಲಿಯವರ ಜೇಬು ನೋಡಿ ಬೆಲೆ ಹೇಳುತ್ತಾರೆ. ರಾತ್ರಿ ಮಲಗಲು ಮಾತ್ರ ಜನ ಬರುವ ಕಡೆ ಬಾಡಿಗೆ ಕಡಿಮೆಯಿದ್ದರೂ ಮಿಕ್ಕಿದ್ದೆಲ್ಲ ನಗರದ ಬೆಲೆಗೇ ಸಿಗುತ್ತದೆ, ಪ್ರತಿ ರಿಪೇರಿಗೂ ನಗರಕ್ಕೇ ಹೊರಬೇಕು.

ಮಂಡ್ಯವನ್ನು ನಾವು ಆರಿಸಿದ್ದೂ ಅದಕ್ಕೇ. ರೈಲಿನಲ್ಲಿ ಬೆಂಗಳೂರಿಗೆ ಸುಮಾರು 93 ಕಿ.ಮೀ., ಮೈಸೂರಿಗೆ 45. ಅಂದರೆ ನಡುವೆ ಏನೂ ಅಲ್ಲ, ಮೈಸೂರಿನ ಕಡೆಗೆ ವಾಲಿದ ತಕ್ಕಡಿ. ದಿನವೂ ಹೋಗುವವರು ಯಜಮಾನರು, ಮೂರು ದಿನ ಹೋಗುವವಳು ನಾನು, ತಕ್ಕಡಿ ಹಾಗೆ ವಾಲಿದ್ದೇ ನ್ಯಾಯ. 1933ರಲ್ಲಿ ಸಕ್ಕರೆ ಕಾರ್ಖಾನೆ ಬಂತು, 1939ರಲ್ಲಿ ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾಯಿತು, 1962ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, ಆಮೇಲೆ ವೈದ್ಯಕೀಯ ಕಾಲೇಜೂ ಬಂತು. ನ್ಯಾಯಾಲಯಕ್ಕೆ ಬಂದ ರೈತರು, ಫೀಸು ಕಟ್ಟಲು ಬಂದ ವಿದ್ಯಾರ್ಥಿಗಳು, ಆಸ್ಪತ್ರೆಗೆ ಬಂದ ಬಾಣಂತಿಯರು, ಇವರಿಗಾಗಿ ಕಟ್ಟಿದ ಊರು ಇದು. ತರಕಾರಿ ಸುತ್ತಲಿನ ಹಳ್ಳಿಗಳಿಂದ ಬರುತ್ತದೆ. ಜ್ವರಕ್ಕೆ, ಹೆರಿಗೆಗೆ ಇಲ್ಲೇ ವ್ಯವಸ್ಥೆ ಇದೆ. ಹೃದಯದ ದೊಡ್ಡ ತೊಂದರೆ ಎಂದರೆ ಮೈಸೂರಿನ ಜಯದೇವ ಆಸ್ಪತ್ರೆಗೆ ಹೋಗುತ್ತಾರೆ. ಮನೆಯಲ್ಲಿ ಅಂಥ ರೋಗಿಗಳಿದ್ದರೆ ಆ 45 ಕಿ.ಮೀ. ಅನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಮಂಡ್ಯದ ಕಷ್ಟಗಳನ್ನೂ ಹೇಳದಿದ್ದರೆ ನಾನೂ ದಲ್ಲಾಳಿಯಾಗುತ್ತೇನೆ. ನಾಲೆಗೆ ನೀರು ಬಿಟ್ಟು ಗದ್ದೆ ತುಂಬಿದ ದಿನಗಳಲ್ಲಿ ಸಂಜೆ ಆರಕ್ಕೆ ಕಿಟಕಿ ಹಾಕಲೇಬೇಕು, ಅಷ್ಟು ಸೊಳ್ಳೆ. ಕಾವೇರಿ ವಿವಾದ ಕಾವೇರಿತು ಎಂದರೆ ಮೊದಲು ರಸ್ತೆ ನಿಲ್ಲುವುದು ಇಲ್ಲೇ. ಆ ದಿನಗಳಲ್ಲಿ ನಾನು ರಜೆ ಹಾಕಿ ಮನೆಯಲ್ಲಿ ಇರುತ್ತೇನೆ. ಬೆಂಗಳೂರಿನ ನಲ್ಲಿಗೆ ಕಾವೇರಿ ನೀರನ್ನು ಮೇಲೆತ್ತುವುದು ಇದೇ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಎಂಬುದು ಅಲ್ಲಿದ್ದಾಗ ನನಗೇ ನೆನಪಿರುತ್ತಿರಲಿಲ್ಲ, ಇಲ್ಲಿಗೆ ಬಂದ ಮೇಲೆ ಯಾರೂ ಮರೆಯಲು ಬಿಡುವುದಿಲ್ಲ. ನಾಲೆ ಏರಿಯ ರಸ್ತೆಗಳಲ್ಲಿ ಕತ್ತಲಾದ ಮೇಲೆ ಕಾರು ಓಡಿಸಬೇಡಿ. 2018ರ ನವೆಂಬರಿನಲ್ಲಿ ಕನಗನಮರಡಿಯಲ್ಲಿ ಬಸ್ಸೊಂದು ನಾಲೆಗೆ ಉರುಳಿ 30 ಜನ ಹೋದದ್ದು ಹಾಡಹಗಲಿನಲ್ಲಿ. ಇನ್ನು ರೈಲು: ಮಾಸಿಕ ಪಾಸು ಕಾಯ್ದಿರಿಸಿದ ಬೋಗಿಗಳಲ್ಲಿ ನಡೆಯುವುದಿಲ್ಲ. ಶುಕ್ರವಾರ ಸಂಜೆ ಸಾಮಾನ್ಯ ಬೋಗಿಯಲ್ಲಿ ಕಾಲಿಡಲು ಜಾಗ ಸಿಕ್ಕರೆ ಪುಣ್ಯ. ಆರು ವರ್ಷಗಳಲ್ಲಿ ಮಹಿಳಾ ಬೋಗಿಯಲ್ಲಿ ಕುಳಿತದ್ದಕ್ಕಿಂತ ನಿಂತದ್ದೇ ಹೆಚ್ಚು. ಆದರೆ ಅಲ್ಲೇ ಅವರೆಕಾಯಿ ಸುಲಿದಿದ್ದೇನೆ, ಗೆಳತಿಯೊಬ್ಬಳ ಮಗಳಿಗೆ ವರನನ್ನೂ ಹುಡುಕಿದ್ದೇನೆ.

ಮದ್ದೂರು? ವಡೆ ಬಿಟ್ಟು ಬೇರೆ ಕಾರಣವನ್ನೂ ಹುಡುಕಿದೆವು. ಚಿಕ್ಕ ಊರು, ಬಾಡಿಗೆ ಇನ್ನೂ ಕಡಿಮೆ, ಎರಡೂ ಕಡೆಗೆ ಸರಿಸುಮಾರು ಸಮ ದೂರ. ಸಮ ದೂರ ಎನ್ನುವುದೇ ನಮಗೆ ಒಗ್ಗಲಿಲ್ಲ, ಇಬ್ಬರೂ ಸಮವಾಗಿ ದಣಿಯುತ್ತಿದ್ದೆವು. ಶ್ರೀರಂಗಪಟ್ಟಣ ಕಣ್ಣಿಗೆ ಹಬ್ಬ, ಆದರೆ ಅದನ್ನು ನಡುವಿನ ಊರು ಎನ್ನುವುದಕ್ಕಿಂತ ಮೈಸೂರಿನ ಹೊರಬಾಗಿಲು ಎನ್ನುವುದೇ ಸರಿ. ಅಲ್ಲಿ ಮನೆ ಕಟ್ಟುವ ಆಸೆ ಇರುವವರು ಒಂದು ವಿಷಯ ತಿಳಿದಿರಬೇಕು. ಕೇಂದ್ರ ಸರ್ಕಾರ ಸಂರಕ್ಷಿಸಿದ ಸ್ಮಾರಕದಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅನುಮತಿ ಇಲ್ಲ, ಅಲ್ಲಿಂದಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಪಡೆದೇ ಕಟ್ಟಬೇಕು. ಆ ದ್ವೀಪದಲ್ಲಿ ಎಲ್ಲಿ ನಿಂತರೂ ಯಾವುದಾದರೂ ಸ್ಮಾರಕ ಹತ್ತಿರವೇ ಇರುತ್ತದೆ.

ಕೊಳ್ಳುವ ಮಾತಿಗೆ ನನ್ನದು ಒಂದೇ ಹಟ: ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಳೆಯಲಿ. 2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ತಗ್ಗು ಬಡಾವಣೆಗಳೂ ಹೊಚ್ಚಹೊಸ ಹೆದ್ದಾರಿಯೂ ನೀರಿನಲ್ಲಿ ನಿಂತದ್ದನ್ನು ಕಂಡವರು ನಿವೇಶನವನ್ನು ಬೇಸಿಗೆಯಲ್ಲಿ ಕೊಳ್ಳುವುದಿಲ್ಲ. ಆಮೇಲೂ ಕೊಳ್ಳುತ್ತೀರೆಂದರೆ ಕೃಷಿ ಜಮೀನನ್ನು ವಾಸಕ್ಕೆ ಬದಲಿಸಿದ ಭೂ ಪರಿವರ್ತನೆಯ ಆದೇಶ ಕೇಳಿ, ಪಂಚಾಯಿತಿ ವ್ಯಾಪ್ತಿಯದಾದರೆ ಪಂಚಾಯಿತಿ ಆಸ್ತಿಗಳ ಗಣಕೀಕೃತ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11ಎ ಕೇಳಿ. “11ಬಿ ಇದೆ, ಅದೂ ಒಂದೇ, ಇದೂ ಒಂದೇ” ಎಂದರೆ ಚಪ್ಪಲಿ ಮೆಟ್ಟಿಕೊಂಡು ಹೊರಡಿ. ಎರಡೂ ಒಂದೇ ಅಲ್ಲ, 11ಬಿ ಕೊಡುವುದು ಕ್ರಮಬದ್ಧವಲ್ಲದ ಆಸ್ತಿಗೆ.

ವೈದ್ಯರಿಗೆ ಇನ್ನೊಂದು ಸುದ್ದಿ ಇದೆ. ನಮ್ಮ ಮನೆಯ ಮೇಲಿನ ಮಹಡಿ ಮುಂದಿನ ತಿಂಗಳು ಖಾಲಿಯಾಗುತ್ತದೆ. ನಿಲ್ದಾಣಕ್ಕೆ ಕಾಲ್ನಡಿಗೆಯ ದೂರ, ಒಳ್ಳೆಯ ಗಾಳಿ. ಮನೆಯ ಒಡತಿ ಅಜ್ಜಿ ಯಾರು ವಿಚಾರಿಸಿದರೂ ಮೊದಲು ಕೇಳುವುದು ಸಂಬಳವನ್ನೂ ಅಲ್ಲ, ಜಾತಿಯನ್ನೂ ಅಲ್ಲ. “ರೈಲಿನವರೋ ಕಾರಿನವರೋ ಕೇಳಮ್ಮ” ಎನ್ನುತ್ತಾರೆ. ಏಕೆಂದರೆ ಅವರ ಗೇಟಿನೊಳಗೆ ಹೋಗುವುದು ಸ್ಕೂಟರ್ ಮಾತ್ರ. ನಮ್ಮ ವೈದ್ಯರಿಗೆ ಎರಡು ಕಾರುಗಳಿವೆ.