ಭರಣಿ ತುಂಬಿದ ದಿನ

ಇವತ್ತು ಉಪ್ಪಿನಕಾಯಿಗೆಂದು ಮಾವಿನ ಮಿಡಿ ಉಪ್ಪಿಗೆ ಹಾಕಿದೆ. ಮಲೆನಾಡಿನ ಸಾಗರದ ಕಡೆಯಿಂದ ಬಂದ, ಪರಿಮಳದ ಅಪ್ಪೆ ಮಾವಿನ ಎಳೆಗಾಯಿ, ಅಪ್ಪೆಮಿಡಿ, ಸುಮಾರು 200. ಸೋಪು ಹಾಕಿ ತೊಳೆದರೂ ಕೈಯಿಂದ ಸೊನೆಯ ವಾಸನೆ ಹೋಗಿಲ್ಲ. ಹೋಗುವುದೂ ಬೇಡ.

ಒಂದೊಂದನ್ನೂ ನೋಡಿ ಆರಿಸಿದೆ. ತೊಟ್ಟು ಇರಲೇಬೇಕು. ಅದು ಮುರಿದರೆ ಸೊನೆ ಸೋರಿ ಹೋಗುತ್ತದೆ, ಅಪ್ಪೆಯ ಪರಿಮಳ ಇರುವುದೇ ಆ ಸೊನೆಯಲ್ಲಿ. ನೆಲಕ್ಕೆ ಬಿದ್ದು ಪೆಟ್ಟಾದ ಮಿಡಿ ಒಂದು ಸೇರಿದರೂ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ಅದಕ್ಕೇ ಕೊಯ್ಯುವವರು ಅಷ್ಟೆತ್ತರದ ಮರ ಹತ್ತಿ, ಪೆಟ್ಟಾಗದಂತೆ ಕೆಳಗಿಳಿಸುತ್ತಾರೆ. ಆ ಶ್ರಮಕ್ಕೆ ಎಷ್ಟು ಕೊಟ್ಟರೂ ಜಾಸ್ತಿ ಅಲ್ಲ.

ತೊಳೆದು, ಬಟ್ಟೆ ಮೇಲೆ ಹರಡಿ, ಪಸೆ ಪೂರ್ತಿ ಆರಿದ ಮೇಲೆ ಭರಣಿಗೆ ಒಂದು ಪದರ ಮಿಡಿ, ಒಂದು ಪದರ ಹರಳುಪ್ಪು. ಇನ್ನೆರಡು ದಿನಕ್ಕೆ ನೀರು ಬಿಡುತ್ತದೆ. ದಿನಾ ಒಮ್ಮೆ ಕುಲುಕಬೇಕು. ಎರಡು ಮೂರು ವಾರದಲ್ಲಿ ಮಿಡಿ ಚಿರುಟಿ, ಅಜ್ಜಿಯ ಬೆರಳಿನ ಹಾಗೆ ಸುಕ್ಕಾಗುತ್ತದೆ. ಸಾಸಿವೆ, ಮೆಣಸಿನ ಖಾರವೆಲ್ಲ ಆಮೇಲೆ.

ಹೋದ ವರ್ಷ ಒದ್ದೆ ಸೌಟು ತಾಗಿ ಭರಣಿಗೆ ಬೂಷ್ಟು ಬಂತು. ಎಸೆಯುವಾಗ ಅಮ್ಮ ಏನೂ ಮಾತಾಡಲಿಲ್ಲ. ಬೈದಿದ್ದರೆ ಅಷ್ಟು ನೋವಾಗುತ್ತಿರಲಿಲ್ಲ.

ಫ್ರೀಜರಿನಲ್ಲಿ ಹಿದುಕಿದ ಅವರೆಬೇಳೆಯೂ ಇದೆ. ಅನುಕೂಲ, ನಿಜ. ಆದರೆ ಕರೆಂಟ್ ಹೋದಾಗಲೆಲ್ಲ ಅದರದ್ದೇ ಚಿಂತೆ. ಭರಣಿಗೆ ಉಪ್ಪು ಸಾಕು, ಅಲ್ವಾ?

ಬಾಯಿಗೆ ಬಿಳಿ ಬಟ್ಟೆ ಬಿಗಿದು ಅಡುಗೆಮನೆಯ ಕತ್ತಲೆ ಮೂಲೆಯಲ್ಲಿ ಇಟ್ಟಿದ್ದೇನೆ. ಮಳೆ ಹಿಡಿದ ದಿನ ಗಂಜಿಯ ಜೊತೆ ಮೊದಲ ಮಿಡಿ ಅಮ್ಮನ ತಟ್ಟೆಗೆ.