ಕಾರಿಗಿಂತ ಹಳೆಯ ಫಿಲ್ಟರ್

ಶುರುವಾಗಿದ್ದು ಒಂದು ವಾಸನೆಯಿಂದ. ಎಸಿ ಹಾಕಿದ ಕೂಡಲೇ ಒಂದೆರಡು ನಿಮಿಷ ಒದ್ದೆ ಗೋಣಿಚೀಲದಂಥ ಮುಗ್ಗಲು ವಾಸನೆ ಬರುತ್ತಿತ್ತು, ಆಮೇಲೆ ಮೂಗಿಗೇ ಅಭ್ಯಾಸವಾಗಿ ಹೋಗುತ್ತಿತ್ತು. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಆಗ ಮೂರು ವಾರ. ಹೊಸ ಆಟಿಕೆ ಸಿಕ್ಕ ಹುಡುಗನ ಹುರುಪು ಇನ್ನೂ ಇಳಿದಿರಲಿಲ್ಲ, ಹಾಗಾಗಿ ವಾಸನೆಯನ್ನೂ ಪ್ರೀತಿಯಿಂದಲೇ ಸಹಿಸಿಕೊಂಡಿದ್ದೆ.

ಕಾರು 5 ವರ್ಷ ಹಳೆಯದು, ಪೆಟ್ರೋಲ್, ಓಡಿದ್ದು 56,000 ಕಿಲೋಮೀಟರ್, ಒಬ್ಬರೇ ಓನರ್. ಹೊಸದಾಗಿದ್ದಾಗ ಮಾರಿದ ಡೀಲರೇ ಅದನ್ನು ವಾಪಸ್ ತಗೊಂಡು ನನಗೆ ಮಾರಿದ್ದು. ಎಲ್ಲ ಸರ್ವಿಸೂ ಅವರ ಹತ್ತಿರವೇ ಆಗಿತ್ತು. ಸರ್ವಿಸ್ ಬುಕ್‌ನಲ್ಲಿ 5 ಸೀಲು, 10,000 ಕಿಲೋಮೀಟರಿಗೊಂದರಂತೆ, ಐದೂ ಹೊತ್ತಿಗೆ ಸರಿಯಾಗಿ. ಜತೆಗೆ ನೂರೈವತ್ತು ಅಂಶಗಳ ತಪಾಸಣೆ ಅಂತ ಒಂದು ಹಾಳೆ. ಆ ಹಾಳೆಯಲ್ಲಿ ಒಂದೊಂದಕ್ಕೂ ಟಿಕ್ ಹಾಕಿರಲಿಲ್ಲ, ಮೇಲಿಂದ ಕೆಳಗಿನ ತನಕ ಒಂದೇ ಗೆರೆ ಎಳೆದಿದ್ದರು. ಇದನ್ನು ಅವತ್ತೇ ನೋಡಿದ್ದೆ. ನೋಡಿ ಸುಮ್ಮನಾಗಿದ್ದೆ. ಬಣ್ಣ ನೋಡಿದೆ, ಸೀಟು ನೋಡಿದೆ, ಫೋನು ಸ್ಪೀಕರಿಗೆ ಸೇರುತ್ತಾ ಅಂತ ನೋಡಿದೆ, ಹದಿನೈದು ನಿಮಿಷ ಓಡಿಸಿದೆ, ಸಹಿ ಹಾಕಿದೆ. ಬಾನೆಟ್ ಎತ್ತಿದ್ದೂ ಹೌದು, ಆದರೆ ಒಳಗೆಲ್ಲ ತೊಳೆದು ಪಾಲಿಶ್ ಹೊಡೆದು ಮಿರಮಿರ ಮಿಂಚುತ್ತಿತ್ತು, ನೋಡಿ ಖುಷಿಪಟ್ಟು ಮುಚ್ಚಿದೆ. ಮೇಲೆ ಬಸಪ್ಪ ಒಳಗೆ ವಿಷಪ್ಪ ಅಂತಾರಲ್ಲ, ನಾನು ಆ ಬಸಪ್ಪನನ್ನು ಮಾತ್ರ ನೋಡಿ ಬಂದಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಬೇರೆ ಕೆಲಸ ಇರಲಿಲ್ಲ. ಕ್ಯಾಬಿನ್ ಫಿಲ್ಟರ್ ಒಂದು ಸಲ ನೋಡೋಣ ಅನ್ನಿಸಿತು. ಹೊರಗಿನ ಗಾಳಿ ಒಳಗೆ ಬರುವಾಗ ಧೂಳು ಸೋಸುವ ಕಾಗದದ ಫಿಲ್ಟರ್ ಅದು. ಹೆಚ್ಚಿನ ಕಾರುಗಳಲ್ಲಿ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ನನ್ನದರಲ್ಲೂ ಅಲ್ಲೇ. ಸ್ಕ್ರೂಡ್ರೈವರ್ ಕೂಡ ಬೇಡ, ಬಾಕ್ಸಿನ ಎರಡು ಪಕ್ಕ ಒಳಕ್ಕೆ ಒತ್ತಿದರೆ ಪೂರ್ತಿ ಕೆಳಗೆ ಬಾಗುತ್ತದೆ, ಹಿಂದಿನ ಸಣ್ಣ ಮುಚ್ಚಳ ತೆಗೆದು ಫಿಲ್ಟರ್ ಎಳೆದರೆ ಆಯಿತು. ಐದು ನಿಮಿಷದ ಕೆಲಸ.

ಎಳೆದೆ. ಮೊದಲು ಮಡಿಲಿಗೆ ಬಿದ್ದಿದ್ದು ಒಣ ಎಲೆಗಳು. ಆಮೇಲೆ ಒಂದು ಹಕ್ಕಿ ಪುಕ್ಕ. ಆಮೇಲೆ ಫಿಲ್ಟರ್. ಬಿಳಿ ಇರಬೇಕಾದ್ದು ಕಪ್ಪು, ಮಡಿಕೆಗಳ ನಡುವೆ ಧೂಳು ಗಟ್ಟಿಯಾಗಿ ಕೂತಿತ್ತು, ಒಂದು ಮೂಲೆಯನ್ನು ಇಲಿ ಕಡಿದಿತ್ತು. ಥೂ ಅಂತ ಎಸೆಯೋಕೆ ಹೊರಟವನು ಅಂಚಿನಲ್ಲಿ ಏನೋ ಅಚ್ಚಾಗಿದೆಯಲ್ಲ ಅಂತ ಬೆರಳಿನಿಂದ ಉಜ್ಜಿದೆ. ತಯಾರಾದ ದಿನಾಂಕ. ಬಾಗಿಲ ಕಂಬದ ಮೇಲೆ ಕಾರಿನದೂ ಇರುತ್ತದಲ್ಲ, ಹೋಗಿ ನೋಡಿದೆ. ಫಿಲ್ಟರ್ ಕಾರಿಗಿಂತ ಒಂದು ತಿಂಗಳು ದೊಡ್ಡದು. ಅಂದರೆ ಫ್ಯಾಕ್ಟರಿಯಲ್ಲಿ ಹಾಕಿದ ಫಿಲ್ಟರೇ ಅದು, 5 ವರ್ಷದಿಂದ ಯಾರೂ ಮುಟ್ಟಿಲ್ಲ.

ಆ ಕ್ಷಣಕ್ಕೆ ನನಗೆ ಸಿಟ್ಟು ಬಂದಿದ್ದು ಹಳೇ ಓನರ್ ಮೇಲೆ. ಎಂಥ ಜಿಪುಣ, ಒಂದು ಫಿಲ್ಟರ್ ಬದಲಾಯಿಸೋಕೂ ಕೈ ಬರಲಿಲ್ಲವಾ ಅಂತ ಮನಸ್ಸಲ್ಲೇ ಬೈದೆ. ಗ್ಲೋವ್ ಬಾಕ್ಸ್ ವಾಪಸ್ ಕೂರಿಸೋಕೆ ಹೋದರೆ ಏನೋ ಅಡ್ಡ ಬರುತ್ತಿತ್ತು. ಕೈ ಹಾಕಿ ತಡಕಿದರೆ ಹಿಂದೆ ಜಾರಿ ಬಿದ್ದಿದ್ದ ಕಾಗದದ ಒಂದು ಕಂತೆ. ಹಳೇ ಸರ್ವಿಸ್ ಬಿಲ್ಲುಗಳು, ಐದೂ ಇದ್ದವು, ಜೋಪಾನವಾಗಿ ಪಿನ್ ಹೊಡೆದು ಇಟ್ಟಿದ್ದು. 20,000 ಕಿಲೋಮೀಟರಿನ ಬಿಲ್ಲಿನಲ್ಲಿ ಕ್ಯಾಬಿನ್ ಫಿಲ್ಟರ್ ಬದಲಾವಣೆ ಅಂತಿತ್ತು. 40,000ದಲ್ಲೂ ಇತ್ತು. ಎರಡು ಸಲ ದುಡ್ಡು ತಗೊಂಡಿದ್ದಾರೆ, ಫಿಲ್ಟರ್ ಮಾತ್ರ ಇನ್ನೂ ಹುಟ್ಟಿದಾಗಿನದ್ದೇ.

ಬೈದದ್ದನ್ನು ಅಲ್ಲೇ ವಾಪಸ್ ತಗೊಂಡೆ.

ಆಮೇಲೆ ಆ ಬಿಲ್ಲುಗಳನ್ನು ಎಕ್ಸಾಮಿನರ್ ತರ ಹಿಡಿದುಕೊಂಡು ಬಾನೆಟ್ ಎತ್ತಿದೆ. ಏರ್ ಫಿಲ್ಟರ್ ಡಬ್ಬಿಗೆ ನಾಲ್ಕು ಕ್ಲಿಪ್ಪು. ಬಿಚ್ಚಿದೆ. ಎಂಜಿನ್ ಉಸಿರಾಡುವ ಗಾಳಿ ಸೋಸುವುದು ಇದು. 40,000ದಲ್ಲಿ ಬದಲಾಗಿದೆ ಅಂತ ಬಿಲ್ಲು, ಇಲ್ಲೂ ಅದೇ ಹಳೇ ದಿನಾಂಕ. ಎರಡು ಫಿಲ್ಟರೂ ಅವಳಿ ಜವಳಿ. ಕಾರು ಯಾಕೋ ಜಾಸ್ತಿ ಪೆಟ್ರೋಲ್ ಕುಡಿಯುತ್ತದೆ, ಎಳೆತ ಕಡಿಮೆ ಅನ್ನಿಸುತ್ತಿತ್ತು, ನನ್ನ ಡ್ರೈವಿಂಗೇ ಸರಿ ಇಲ್ಲ ಅಂದುಕೊಂಡಿದ್ದೆ. (ಪೆಟ್ರೋಲ್ ವಿಷಯಕ್ಕೆ ಫಿಲ್ಟರ್ ಕಾರಣ ಅಲ್ಲ ಅಂತ ಆಮೇಲೆ ಗೊತ್ತಾಯಿತು. ಈಗಿನ ಎಂಜಿನ್‌ಗಳು ಬರುವ ಗಾಳಿಗೆ ತಕ್ಕಂತೆ ಪೆಟ್ರೋಲನ್ನೂ ಕಡಿಮೆ ಮಾಡಿಕೊಳ್ಳುತ್ತವೆ, ಹೊಡೆತ ಬೀಳುವುದು ಎಳೆತಕ್ಕೆ. ನನ್ನ ಕಾಲು ಸ್ವಲ್ಪ ಭಾರ ಅನ್ನುವುದೂ ಸುಳ್ಳಲ್ಲ.)

ಡಿಪ್‌ಸ್ಟಿಕ್ ತೆಗೆದು ಒರೆಸಿ ಮತ್ತೆ ಅದ್ದಿ ನೋಡಿದೆ. ಆಯಿಲ್ ಕೆಳಗಿನ ಗುರುತಿಗಿಂತ ಒಂದಿಷ್ಟು ಕೆಳಗೇ ಇತ್ತು. ಬಣ್ಣ ಕಪ್ಪಾಗಿತ್ತು, ಅದೇನೂ ದೊಡ್ಡ ವಿಷಯ ಅಲ್ಲ, ಓಡಿದ ಆಯಿಲ್ ಕಪ್ಪಾಗುತ್ತದೆ. ಆದರೆ ಕಡಿಮೆ ಇದ್ದದ್ದಕ್ಕೆ ಏನು ಹೇಳುವುದು? ಮಾರುವ ಮುಂಚೆ ಅದೇ ಒಂದು ಗೆರೆಯ ಹಾಳೆಯಲ್ಲಿ ಎಂಜಿನ್ ಆಯಿಲ್ ಮಟ್ಟ ಅನ್ನುವ ಸಾಲೂ ಇತ್ತು. ಗೆರೆ ಅದರ ಮೇಲೂ ಹಾದು ಹೋಗಿತ್ತು. ಪಕ್ಕದಲ್ಲಿ ಕೂಲಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವದ ಡಬ್ಬಿ ಇಣುಕಿದರೆ ಅದೂ ಕಡಿಮೆ, ಬಣ್ಣ ತುಕ್ಕಿನ ನೀರಿನ ಹಾಗೆ. ಅಷ್ಟರಲ್ಲಿ ನನಗೇ ಸಾಕಾಗಿತ್ತು. ಆಯಿಲ್ ತಂದು ಮಟ್ಟಕ್ಕೆ ಹಾಕಿ ಬಾನೆಟ್ ಮುಚ್ಚಿದೆ.

ಮಾರನೇ ದಿನ ಡೀಲರ್ ಹತ್ತಿರ ಹೋಗದೆ, ಗೆಳೆಯನೊಬ್ಬ ಹೇಳಿದ ಸಣ್ಣ ಗ್ಯಾರೇಜಿಗೆ ಹೋದೆ. ಮೆಕ್ಯಾನಿಕ್ ಮಾತು ಕಡಿಮೆ. ಬಿಲ್ಲುಗಳನ್ನು ತೋರಿಸಿದೆ, ಒಂದು ಸಲ ನೋಡಿ ವಾಪಸ್ ಕೊಟ್ಟ. "ಇದೆಲ್ಲ ಬೇಡ, ಕಾರೇ ಹೇಳತ್ತೆ" ಅಂದ.

ಲಿಫ್ಟ್ ಮೇಲೆ ಏರಿಸಿ ಮುಂದಿನ ಚಕ್ರ ಬಿಚ್ಚಿದ. ಹೊರಗಿನ ಬ್ರೇಕ್ ಪ್ಯಾಡ್ ತೋರಿಸಿದ, ಇನ್ನೂ 6 ಮಿಲಿಮೀಟರ್ ಇತ್ತು. ನಾನು ಉಸಿರು ಬಿಟ್ಟೆ. ಒಳಗಿನ ಪ್ಯಾಡ್ ತೆಗೆದು ಅಂಗೈ ಮೇಲೆ ಇಟ್ಟ. ಒಂದೂವರೆ ಮಿಲಿಮೀಟರ್ ಇತ್ತೋ ಇಲ್ಲವೋ. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿತ್ತು. ಒಂದೇ ಚಕ್ರದ ಎರಡು ಪ್ಯಾಡಿಗೆ ಇಷ್ಟು ವ್ಯತ್ಯಾಸ ಹೇಗೆ ಅಂತ ಕೇಳಿದೆ. ಆಗ ಮೊದಲ ಸಲ ಅವನು ಉದ್ದ ಮಾತಾಡಿದ. ಈ ತರದ ಬ್ರೇಕಿನಲ್ಲಿ ಪಿಸ್ಟನ್ ಇರುವುದು ಒಳಗಡೆ ಮಾತ್ರ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ, ಆಗ ಪ್ಯಾಡುಗಳನ್ನು ಹಿಡಿದಿರುವ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಜಾರಿ ಹೊರಗಿನ ಪ್ಯಾಡನ್ನು ಎಳೆದು ತರುತ್ತದೆ. ಆ ಪಿನ್ನುಗಳಿಗೆ ಗ್ರೀಸ್ ಇಲ್ಲದೆ ಹಿಡಿದುಕೊಂಡರೆ ಹೊರಗಿನದು ಆರಾಮಾಗಿ ಕೂರುತ್ತದೆ, ಕೆಲಸವೆಲ್ಲ ಒಳಗಿನದರ ತಲೆಗೆ. ಚಕ್ರ ಬಿಚ್ಚದೆ ಹೊರಗಿನಿಂದ ಬಗ್ಗಿ ಇಣುಕಿದರೆ ಕಾಣುವುದು ಹೊರಗಿನ ಪ್ಯಾಡ್ ಒಂದೇ. ಅದು ಯಾವಾಗಲೂ ಚೆನ್ನಾಗೇ ಕಾಣುತ್ತಿತ್ತು.

ಪಿನ್ ಹೊರಗೆ ಬರಲೇ ಇಲ್ಲ. ಸುತ್ತಿಗೆಯಲ್ಲಿ ಬಡಿದು, ತುಕ್ಕು ಬಿಡಿಸುವ ಎಣ್ಣೆ ಹೊಡೆದು, ಅರ್ಧ ಗಂಟೆ ಹೆಣಗಾಡಿದ. ಬಿಲ್ಲುಗಳಲ್ಲಿ ಐದು ವರ್ಷವೂ ಒಂದು ಸಾಲಿತ್ತು: ಬ್ರೇಕ್ ಕ್ಲೀನಿಂಗ್ ಮತ್ತು ಗ್ರೀಸಿಂಗ್.

ನನಗೆ ಅವತ್ತು ನಿಜವಾಗಿ ಹೊಟ್ಟೆ ತೊಳೆಸಿದಂತಾಗಿದ್ದು ಇಲ್ಲೇ. ಫಿಲ್ಟರ್ ಬದಲಾಯಿಸದೆ ದುಡ್ಡು ಹೊಡೆದರೆ ಅದು ಕಳ್ಳತನ, ಬೈದುಕೊಂಡು ಬಿಡಬಹುದು. ಬ್ರೇಕಿನ ವಿಷಯ ಹಾಗಲ್ಲ. ಈ ಮೂರು ವಾರದಲ್ಲಿ ಮನೆಯವರನ್ನೆಲ್ಲ ಕೂರಿಸಿಕೊಂಡು ಘಾಟಿ ಇಳಿದು ಬಂದಿದ್ದೆ.

ಬ್ರೇಕ್ ಫ್ಲುಯಿಡ್, ಅಂದರೆ ಪೆಡಲಿನ ಒತ್ತಡವನ್ನು ಚಕ್ರದ ಬ್ರೇಕಿಗೆ ಮುಟ್ಟಿಸುವ ದ್ರವ, ಅದರ ಡಬ್ಬಿಗೆ ಪೆನ್ನಿನಂಥ ಒಂದು ಸಾಧನ ಅದ್ದಿದ, ಕೆಂಪು ದೀಪ ಹತ್ತಿತು. ನೀರಿನ ಅಂಶ 3 ಪರ್ಸೆಂಟ್‌ಗಿಂತ ಮೇಲೆ. ಈ ಫ್ಲುಯಿಡ್ ಗಾಳಿಯಲ್ಲಿನ ತೇವವನ್ನು ಸುಮ್ನೆ ಹೀರುತ್ತಾ ಇರುತ್ತದೆ, ಅದಕ್ಕೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಅಂತ ನನ್ನ ಕಾರಿನ ಕೈಪಿಡಿ ಹೇಳುತ್ತದೆ. ಡಾಟ್ 4 ಅನ್ನುವ ಫ್ಲುಯಿಡ್ ಹೊಸದಿದ್ದಾಗ ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. 3.7 ಪರ್ಸೆಂಟ್ ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದ ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಬಂದರೆ ಫ್ಲುಯಿಡ್ ಕುದಿದು ಗುಳ್ಳೆ ಏಳುತ್ತದೆ, ಗುಳ್ಳೆ ಅಮುಕಿದರೆ ಅಮುಕಿಕೊಳ್ಳುತ್ತದೆ, ಪೆಡಲ್ ನೆಲಕ್ಕೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಘಾಟಿ ಇಳಿದದ್ದು ಮತ್ತೆ ನೆನಪಾಯಿತು. ಕೂತುಕೊಂಡೆ.

ಕೂಲಂಟ್ ಕಥೆ ಚಿಕ್ಕದು. ಕಡಿಮೆಯಾದಾಗೆಲ್ಲ ಯಾರೋ ನಲ್ಲಿ ನೀರು ಸುರಿದಿದ್ದರು. ಕೂಲಂಟಿನಲ್ಲಿ ತುಕ್ಕು ತಡೆಯುವ ಮದ್ದೂ ಇರುತ್ತದೆ, ಬರೀ ನೀರು ಹಾಕುತ್ತಾ ಹೋದರೆ ಅದು ತೆಳುವಾಗಿ ಒಳಗೆಲ್ಲ ತುಕ್ಕು. ಪೂರ್ತಿ ಇಳಿಸಿ ತೊಳೆದು ಹೊಸದು ಹಾಕಿದ. ಟೈರು ಪರವಾಗಿಲ್ಲ. ಬ್ಯಾಟರಿ ಪರವಾಗಿಲ್ಲ. ಆಯಿಲ್ ಫಿಲ್ಟರ್ ಮಾತ್ರ ಪಾಪ, ನಿಜವಾಗಿಯೂ ಬದಲಾಗಿತ್ತು. ಇದನ್ನೂ ಹೇಳಬೇಕು ಅಲ್ವಾ.

ಕೊನೆಗೆ ಸ್ಕ್ಯಾನರ್ ಹಾಕಿದ. ಏನಾದರೂ ಕೆಟ್ಟರೆ ಕಾರಿನ ಕಂಪ್ಯೂಟರ್ ಬರೆದಿಟ್ಟುಕೊಳ್ಳುವ ತಪ್ಪಿನ ಕೋಡ್ ಒಂದೂ ಇರಲಿಲ್ಲ. ಆದರೆ ಕೋಡ್ ಅಳಿಸಿದ ಮೇಲೆ ಎಷ್ಟು ಓಡಿದೆ ಅನ್ನುವ ಲೆಕ್ಕವನ್ನೂ ಕಾರಿನ ಕಂಪ್ಯೂಟರ್ ಇಟ್ಟಿರುತ್ತದೆ. 640 ಕಿಲೋಮೀಟರ್ ತೋರಿಸಿತು. ನಾನು ಮನೆಗೆ ತಂದ ಮೇಲೆ ಓಡಿಸಿದ್ದು 630ರ ಹತ್ತಿರ. "ಮಾರುವ ಮುಂಚೆ ಅಳಿಸಿದಾರೆ. ಬ್ಯಾಟರಿ ಬಿಚ್ಚಿದ್ರೂ ಹೀಗಾಗಬಹುದು" ಅಂದ. ಎರಡೂ ಮಾತನ್ನು ಒಂದೇ ದನಿಯಲ್ಲಿ ಹೇಳಿದ. ಹಾಗಾಗಿ ಅದನ್ನು ನಾನು ದೂರಿನ ಪಟ್ಟಿಗೆ ಸೇರಿಸಲಿಲ್ಲ.

ಎರಡು ಫಿಲ್ಟರ್, ಹಳೇ ಪ್ಯಾಡುಗಳು, ಬಿಲ್ಲುಗಳು ಎಲ್ಲ ಒಂದು ಚೀಲಕ್ಕೆ ತುಂಬಿ ಡೀಲರ್ ಹತ್ತಿರ ಹೋದೆ. ಸರ್ವಿಸ್ ಮ್ಯಾನೇಜರ್ ನಗುನಗುತ್ತಾ ಕೂರಿಸಿದರು. ಕಂಪ್ಯೂಟರ್ ನೋಡಿ, "ಸಿಸ್ಟಮ್‌ನಲ್ಲಿ ಬದಲಾಯಿಸಿದೆ ಅಂತಿದೆ ಸರ್" ಅಂದರು. ನಾನು ಮೇಜಿನ ಮೇಲೆ ಫಿಲ್ಟರ್ ಇಟ್ಟೆ. ಎಲೆ ಚೂರುಗಳು ಕೀಬೋರ್ಡ್ ಮೇಲೆ ಉದುರಿದವು. "ಇದು ಬೇರೆ ಕಾರಿನದ್ದೂ ಇರಬಹುದಲ್ವಾ" ಅಂದರು. ಅಂಚಿನ ದಿನಾಂಕ ತೋರಿಸಿದೆ. ಇಷ್ಟು ಹಳೇ ಫಿಲ್ಟರನ್ನು ನಾನು ಎಲ್ಲಿಂದ ಹುಡುಕಿ ತರಲಿ ಅಂತ ಕೇಳಿದೆ. ಅವರು ಫಿಲ್ಟರನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು, ಬಹಳ ಹೊತ್ತು ನೋಡಿದರು, ಏನೋ ಒಂದು ಉತ್ತರ ಅದರಲ್ಲೇ ಬರೆದಿರುತ್ತದೆ ಅನ್ನುವ ಹಾಗೆ.

ಆಮೇಲೆ ನಡೆದದ್ದು ಗೊತ್ತಿರುವಂಥದ್ದೇ. ಹಾರಿಕೆ ಉತ್ತರ, ಮೇಲಿನವರ ಜತೆ ಮಾತಾಡುತ್ತೇನೆ, ಒಂದು ವಾರ, ಇನ್ನೊಂದು ವಾರ. ಫೋನು ಬಿಟ್ಟು ಎಲ್ಲವನ್ನೂ ಫೋಟೋ ಸಮೇತ ಬರಹದಲ್ಲಿ ಕಳಿಸಲು ಶುರು ಮಾಡಿದ ಮೇಲೆ ಉತ್ತರದ ದನಿ ಬದಲಾಯಿತು. ಫಿಲ್ಟರ್, ಬ್ರೇಕ್ ಫ್ಲುಯಿಡ್, ಕೂಲಂಟಿನ ಖರ್ಚು ವಾಪಸ್ ಕೊಟ್ಟರು. ಪ್ಯಾಡು ಸವೆಯುವ ವಸ್ತು, ಅದು ನಮಗೆ ಬರಲ್ಲ ಅಂದರು. ಕ್ಷಮಿಸಿ ಅನ್ನುವ ಪದ ಎಲ್ಲೂ ಇರಲಿಲ್ಲ, ಗ್ರಾಹಕರ ತೃಪ್ತಿಗಾಗಿ ಅಂತಿತ್ತು. ಹೊರಗೆ ಬರುವಾಗ ಕಾರು ತೊಳೆಯುವ ಜಾಗದಲ್ಲಿ ನಿಂತಿದ್ದ ಹುಡುಗನೊಬ್ಬ ನನ್ನ ಚೀಲ ನೋಡಿ ಮೆಲ್ಲಗೆ ಹೇಳಿದ, "ಒಂದು ಕಾರಿಗೆ ಇಷ್ಟೇ ನಿಮಿಷ ಅಂತ ಲೆಕ್ಕ ಸರ್. ಗ್ಲೋವ್ ಬಾಕ್ಸ್ ಬಿಚ್ಚೋಕೆ ಯಾರಿಗೆ ಪುರುಸೊತ್ತು. ತೊಳೆಯೋದು ಮಾತ್ರ ಬಿಡಲ್ಲ, ಅದು ಕಾಣತ್ತಲ್ಲ." ಅವನ ಮೇಲೆ ಸಿಟ್ಟು ಬರಲಿಲ್ಲ.

ಬಿಲ್ಲುಗಳ ಮೇಲೆ ಹಳೇ ಓನರ್ ಫೋನ್ ನಂಬರ್ ಇತ್ತು. ಕರೆ ಮಾಡಲೋ ಬೇಡವೋ ಅಂತ ಕೆಲವು ದಿನ ಯೋಚಿಸಿದೆ. ಮಾರಿ ಕೈ ತೊಳೆದುಕೊಂಡ ಮನುಷ್ಯನಿಗೆ ಇದೆಲ್ಲ ಯಾಕೆ. ಆದರೂ ಮನಸ್ಸಲ್ಲಿ ಬೈದ ಬಾಕಿ ಒಂದು ಇತ್ತಲ್ಲ. ಮಾಡಿದೆ. ವಯಸ್ಸಾದ ದನಿ. ನಿಮ್ಮ ಕಾರು ತಗೊಂಡವನು, ನಿಮ್ಮ ಬಿಲ್ಲುಗಳು ಸಿಕ್ಕಿವೆ ಅಂದೆ. ಅವರಿಗೆ ಬಹಳ ಖುಷಿಯಾಯಿತು. "ಹೇಗಿದೆ ಗಾಡಿ? ಒಂದು ಸರ್ವಿಸೂ ತಪ್ಪಿಸಿಲ್ಲ ನೋಡಿ ನಾನು. ಹೊರಗಡೆ ಗ್ಯಾರೇಜಿಗೆ ಒಂದು ದಿನ ಬಿಟ್ಟಿಲ್ಲ" ಅಂದರು. ಹೌದು, ಬುಕ್ ನೋಡಿದೆ ಅಂದೆ. ಅಲ್ಲಿಗೇ ಮುಗಿಸೋಣ ಅಂದುಕೊಂಡೆ. ಆಗ ಅವರು, ಮನೆಯಲ್ಲಿ ಇನ್ನೊಂದು ಕಾರಿದೆ, ಮೂರು ವರ್ಷದ್ದು, ಅದೂ ಅಲ್ಲೇ ತಗೊಂಡಿದ್ದು, ಅದಕ್ಕೂ ಅಲ್ಲೇ ಸರ್ವಿಸ್ ಅಂದರು.

ಗ್ಲೋವ್ ಬಾಕ್ಸ್ ಬಿಚ್ಚುವುದು ಹೇಗೆ ಅಂತ ಹೇಳಿಕೊಟ್ಟೆ. ಎರಡು ಪಕ್ಕ ಒಳಕ್ಕೆ ಒತ್ತಿ, ಬಾಗಿಸಿ, ಮುಚ್ಚಳ ತೆಗೆದು ಎಳೆಯಿರಿ, ಅಂಚಿನಲ್ಲಿ ದಿನಾಂಕ ಇರುತ್ತದೆ. ಯಾಕೆ ಅಂತ ಅವರು ಕೇಳಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ" ಅಂತ ಇಟ್ಟರು.

ಸಂಜೆ ಒಂದು ಫೋಟೋ ಬಂತು. ಕಪ್ಪಾದ ಫಿಲ್ಟರ್, ಅಂಚಿನ ದಿನಾಂಕದ ಕೆಳಗೆ ಒಂದು ಹೆಬ್ಬೆರಳು. ಬೇರೇನೂ ಬರೆದಿರಲಿಲ್ಲ.